ದೊಡ್ಡ ಸಂಖ್ಯೆಯನ್ನು ಒಡೆದು ನೋಡಿದರೆ

2011ರ ಜನಗಣತಿಯ ಪ್ರಕಾರ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ಇದನ್ನು ಕಂಡವರು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಹಿಂದಿನ ಗಣತಿಗಿಂತ ಎಷ್ಟು ಏರಿತು, ಹೆಣ್ಣೆಷ್ಟು ಗಂಡೆಷ್ಟು, ರಾಣೆಬೆನ್ನೂರಿನಂಥ ಪಟ್ಟಣದ ಪಾಲೆಷ್ಟು, ಹಲಗೇರಿಯಂಥ ಹಳ್ಳಿಗಳ ಪಾಲೆಷ್ಟು? ಜನರ ಲೆಕ್ಕವನ್ನು ತುಸು ಹೊತ್ತು ಪಕ್ಕಕ್ಕಿಟ್ಟು, ಸಂಖ್ಯೆಯನ್ನು ಬರೀ ಸಂಖ್ಯೆಯಾಗಿ ಎತ್ತಿಕೊಂಡರೆ ಬೇರೆಯೇ ಪ್ರಶ್ನೆಗಳು ಏಳುತ್ತವೆ. ಕೊನೆಯ ಎರಡು ಅಂಕೆ 68, ಹಾಗಾಗಿ 4ರಿಂದ ಭಾಗ ಹೋಗುತ್ತದೆ. ಅಂಕೆಗಳನ್ನೆಲ್ಲ ಕೂಡಿದರೆ 42, ಆದ್ದರಿಂದ 3ರಿಂದಲೂ ಹೋಗುತ್ತದೆ. 12ರಿಂದ ಭಾಗಿಸಿದರೆ ಉಳಿಯುವುದು 1,33,139. ಇಲ್ಲಿಂದ ಮುಂದೆ ಬೆವರು ಸುರಿಸಬೇಕು. 7 ಹೋಗುವುದಿಲ್ಲ, 11 ಹೋಗುವುದಿಲ್ಲ, 13, 17, 19, 23 ಒಂದೂ ಹೋಗುವುದಿಲ್ಲ. 29 ಹೋಗುತ್ತದೆ. ಭಾಗಲಬ್ಧ 4,591. ಅದು ಅವಿಭಾಜ್ಯ, ಮುಂದೆ ಒಡೆಯದು. ಅಲ್ಲಿಗೆ 15,97,668 ಎಂದರೆ 2 × 2 × 3 × 29 × 4,591. ಅದಕ್ಕೆ ಭಾಜಕಗಳು 24. ಇನ್ನು 28 ಜನ ಹೆಚ್ಚಿದ್ದಿದ್ದರೆ ಅದು 1,264ರ ಪೂರ್ಣ ವರ್ಗವಾಗುತ್ತಿತ್ತು.

ಜಿಲ್ಲೆಯ ಜನಸಂಖ್ಯೆ ಗಣತಿಯ ಮರುದಿನವೇ ಬದಲಾಗಿರುತ್ತದೆ. ಆದರೆ 15,97,668ರ ಅಪವರ್ತನಗಳು ಎಂದೂ ಬದಲಾಗುವುದಿಲ್ಲ. ಪೂರ್ಣಾಂಕವೊಂದರ ಗುಣ ಎಂದರೆ ಇದು: ಅದು ಯಾವುದನ್ನು ಎಣಿಸಲು ಬಂತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ದೊಡ್ಡ ಸಂಖ್ಯೆಗಳ ವಿಷಯದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಸಂಖ್ಯೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದರ ಕಟ್ಟಡ ಹೇಗಿದೆ ಎಂಬುದೇ ಅದರ ಹಣೆಬರಹವನ್ನು ತೀರ್ಮಾನಿಸುತ್ತದೆ. ನೂರಾರು ಅಂಕೆಯ ಒಂದು ಸಂಖ್ಯೆಯ ಒಳಗುಟ್ಟು ಕಾಗದದ ಮೇಲೆ ನಾಲ್ಕು ಸಾಲಿನಲ್ಲಿ ಬಿಚ್ಚಿಕೊಳ್ಳಬಹುದು. ಅಷ್ಟೇ ಉದ್ದದ ಮತ್ತೊಂದು ಸಂಖ್ಯೆ ಜಗತ್ತಿನ ಎಲ್ಲ ಕಂಪ್ಯೂಟರ್‌ಗಳಿಗೂ ಬಗ್ಗದಿರಬಹುದು. ಕನ್ನಡ ನೆಲದಲ್ಲಿ ಈ ವಿದ್ಯೆಗೆ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ.

ಹಾವೇರಿ ಸೀಮೆಯ ಶಾಸನಗಳಲ್ಲಿ ನಾಡಿನ ಹೆಸರಿಗೆ ಅಂಟಿಕೊಂಡೇ ಸಂಖ್ಯೆ ಬರುತ್ತದೆ: ಪಾನುಂಗಲ್ಲು 500, ಬನವಾಸಿ 12,000. ಆಚೆಗೆ ನೊಳಂಬವಾಡಿ 32,000, ಗಂಗವಾಡಿ 96,000. ಇವು ಊರುಗಳ ಎಣಿಕೆಯೋ ಆದಾಯದ ಲೆಕ್ಕವೋ ಎಂಬ ಚರ್ಚೆ ಇತಿಹಾಸಕಾರರದು. ಗಣಿತದ ಕಣ್ಣಿಗೆ ಕಾಣುವುದು ಬೇರೆ. 96,000ವನ್ನು ಒಡೆದರೆ 2, 3, 5 ಬಿಟ್ಟು ಬೇರೆ ಅವಿಭಾಜ್ಯ ಸಿಗುವುದಿಲ್ಲ, ಭಾಜಕಗಳು 72. ಅದರ ಮೂರನೇ ಒಂದು ಭಾಗ ನೊಳಂಬವಾಡಿ, ಎಂಟನೇ ಒಂದು ಭಾಗ ಬನವಾಸಿ. ಹಂಚಲು, ಪಾಲು ಮಾಡಲು, ಕಾಲು ಅರೆ ಲೆಕ್ಕ ಹಾಕಲು ಇಂಥ ಸಂಖ್ಯೆಗಳು ಒಗ್ಗುತ್ತವೆ.

ಯುಗಾದಿಯ ದಿನ ಪಂಚಾಂಗ ಓದಿಸುವ ಮನೆಗಳಲ್ಲಿ ಕೇಳಿಬರುವ ಸಂಖ್ಯೆಗಳೂ ಇದೇ ಜಾತಿಯವು. ಕಲಿಯುಗಕ್ಕೆ 4,32,000 ವರ್ಷ, ಕಲ್ಪಕ್ಕೆ 432 ಕೋಟಿ ವರ್ಷ. ಎರಡೂ 2, 3, 5ರಿಂದಲೇ ಕಟ್ಟಿದವು. 432 ಕೋಟಿಗೆ 384 ಭಾಜಕಗಳಿವೆ. ಆದರೆ ಕಲ್ಪದಲ್ಲಿ ದಿನಗಳೆಷ್ಟು ಎಂದು ಕೇಳಿದ ಕೂಡಲೇ ಈ ಸೊಗಸು ಮಾಯವಾಗುತ್ತದೆ, ಏಕೆಂದರೆ ಸೂರ್ಯ ನಮ್ಮ ಅನುಕೂಲ ನೋಡಿ ತಿರುಗುವುದಿಲ್ಲ. ಬ್ರಹ್ಮಗುಪ್ತನಿಂದ ಬಂದು ಎರಡನೇ ಭಾಸ್ಕರಾಚಾರ್ಯರು ಉಳಿಸಿಕೊಂಡ ಲೆಕ್ಕದಲ್ಲಿ ಕಲ್ಪದ ದಿನಗಳು 15,77,91,64,50,000. ಇಷ್ಟು ದೊಡ್ಡ ಸಂಖ್ಯೆಗಳನ್ನು ಹೊತ್ತುಕೊಂಡು ಗ್ರಹಗಣಿತ ಮಾಡುವುದು ಹೇಗೆ? ಭಾಸ್ಕರರ ಕುಟ್ಟಕ ವಿಧಾನದ ಮೊದಲ ಹೆಜ್ಜೆಯೇ ಅಪವರ್ತನ, ಅಂದರೆ ಎಲ್ಲವನ್ನೂ ಸಮಾನವಾಗಿ ಭಾಗಿಸುವ ಸಂಖ್ಯೆಯನ್ನು ಹುಡುಕಿ ತೆಗೆದುಹಾಕುವುದು. ಶಾಲೆಯ ಮಕ್ಕಳು ಮ.ಸಾ.ಅ. ಎಂದು ಕಲಿಯುವುದು ಇದನ್ನೇ. ಕಲ್ಪದ ವರ್ಷ ಮತ್ತು ದಿನಗಳ ಮ.ಸಾ.ಅ. 13,50,000. ಅದರಿಂದ ಎರಡನ್ನೂ ಭಾಗಿಸಿದರೆ 3,200 ವರ್ಷಕ್ಕೆ 11,68,827 ದಿನ ಎಂಬ ಚಿಕ್ಕ ಜೋಡಿ ಕೈಗೆ ಬರುತ್ತದೆ. ಹದಿಮೂರು ಅಂಕೆಯ ಭಾರ ಏಳು ಅಂಕೆಗೆ ಇಳಿಯಿತು, ನಿಖರತೆ ಒಂದಿಷ್ಟೂ ಕಳೆಯಲಿಲ್ಲ.

ಭಾಸ್ಕರರ ಊರು ವಿಜ್ಜಡವಿಡ. ಅದು ಇಂದಿನ ವಿಜಯಪುರವೇ ಎಂಬ ವಾದವೂ ಇದೆ, ಸಹ್ಯಾದ್ರಿಯ ಬೇರೆ ಊರುಗಳನ್ನು ತೋರಿಸುವವರೂ ಇದ್ದಾರೆ. ಊರಿನ ವಿವಾದ ಏನೇ ಇರಲಿ, ಸಂಖ್ಯೆಯ ಒಳರಚನೆ ಎಷ್ಟು ಬೆರಗು ಹುಟ್ಟಿಸಬಲ್ಲದು ಎಂಬುದಕ್ಕೆ ಅವರ ಬೀಜಗಣಿತದ ಒಂದು ಉದಾಹರಣೆಯೇ ಸಾಕು. ಒಂದು ವರ್ಗಸಂಖ್ಯೆಯನ್ನು 60ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗಸಂಖ್ಯೆ ಬರಬೇಕು ಎಂದುಕೊಳ್ಳಿ. ಉತ್ತರ ಸುಲಭ: 4ರ ವರ್ಗ 16, ಅದರ ಅರವತ್ತರಷ್ಟು 960, ಒಂದು ಕೂಡಿಸಿದರೆ 961, ಅದು 31ರ ವರ್ಗ. 62ಕ್ಕೂ ಹಾಗೆಯೇ, 8 ಮತ್ತು 63. ನಡುವೆ ಇರುವ 61ನ್ನು ತೆಗೆದುಕೊಂಡರೆ? ಅತಿ ಚಿಕ್ಕ ಉತ್ತರವೇ 22,61,53,980 ಮತ್ತು 1,76,63,19,049. ಅಕ್ಕಪಕ್ಕದ ಮನೆಗಳಲ್ಲಿ ಎರಡಂಕಿಯೊಳಗೇ ಮುಗಿದ ಲೆಕ್ಕ ಇಲ್ಲಿ ನೂರಾಎಪ್ಪತ್ತಾರು ಕೋಟಿ ದಾಟಿತು. ಸಿದ್ಧಾಂತ ಶಿರೋಮಣಿ ಬರೆದ 1150ರ ಹೊತ್ತಿಗೇ ಭಾಸ್ಕರರು ಚಕ್ರವಾಲ ವಿಧಾನದಿಂದ ಇದನ್ನು ಬಿಡಿಸಿದ್ದರು. ಫ್ರಾನ್ಸಿನ ಫರ್ಮಾ ಇದೇ 61ನ್ನು ಯುರೋಪಿನ ಗಣಿತಜ್ಞರ ಮುಂದೆ ಸವಾಲಾಗಿ ಇಟ್ಟದ್ದು 1657ರಲ್ಲಿ.

ಭಾಸ್ಕರರಿಗಿಂತ ಮೂರು ಶತಮಾನ ಹಿಂದಿನ ಮಹಾವೀರಾಚಾರ್ಯರನ್ನು ಕನ್ನಡ ಓದುಗರು ಇನ್ನೂ ಹತ್ತಿರದಿಂದ ನೋಡಬೇಕು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು, ಒಂಬತ್ತನೆಯ ಶತಮಾನ. ಕನ್ನಡಕ್ಕೆ ಕವಿರಾಜಮಾರ್ಗ ಸಿಕ್ಕಿದ ಆಳ್ವಿಕೆಯಲ್ಲೇ ಸಂಸ್ಕೃತದಲ್ಲಿ ಅವರ ಗಣಿತಸಾರಸಂಗ್ರಹ ಹುಟ್ಟಿತು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ಗಣಿತಸಾರಸಂಗ್ರಹ ಮದರಾಸಿನಿಂದ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಅಚ್ಚಾದದ್ದು 1912ರಲ್ಲಿ.

ಮಹಾವೀರರು ಸಂಖ್ಯಾಸ್ಥಾನಗಳಿಗೆ ಕೊಟ್ಟ ಹೆಸರುಗಳ ಪಟ್ಟಿ ಉದ್ದವಾಗಿದೆ. ಏಕ, ದಶ, ಶತ, ಸಹಸ್ರದಿಂದ ಹೊರಟು ಕೋಟಿ ದಾಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ, ಕ್ಷೋಭ ಎಂದು ಸಾಗಿ ಮಹಾಕ್ಷೋಭದಲ್ಲಿ ನಿಲ್ಲುತ್ತದೆ. ಒಟ್ಟು 24 ಸ್ಥಾನ. ಬ್ಯಾಡಗಿಯ ಮಾರುಕಟ್ಟೆಗೆ ಸುಗ್ಗಿಯ ದಿನಗಳಲ್ಲಿ ಲಕ್ಷಗಟ್ಟಲೆ ಮೆಣಸಿನಕಾಯಿ ಚೀಲ ಬಂದು ಬೀಳುತ್ತವೆ. ಆ ಲೆಕ್ಕ ಈ ಪಟ್ಟಿಯ ಆರನೆಯ ಸ್ಥಾನಕ್ಕೇ ಮುಗಿಯುತ್ತದೆ. ಉಳಿದ ಹದಿನೆಂಟು ಸ್ಥಾನ ಯಾವ ಸಂತೆಗೂ ಬೇಕಿರಲಿಲ್ಲ. ಅವುಗಳನ್ನು ಹೆಸರಿಟ್ಟು ಕರೆದದ್ದರಲ್ಲಿ ಸಂಖ್ಯೆಯ ಬಗೆಗಿನ ಪ್ರೀತಿ ಕಾಣುತ್ತದೆ.

ಆ ಪ್ರೀತಿ ಎದ್ದು ಕಾಣುವುದು ಗುಣಾಕಾರದ ಅಧ್ಯಾಯದಲ್ಲಿ. ಗುಣಲಬ್ಧ ಹಾರದಂತೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಬರುವಂತೆ ಲೆಕ್ಕಗಳನ್ನು ಮಹಾವೀರರು ಹೊಂದಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 14287143ನ್ನು 7ರಿಂದ ಗುಣಿಸಿದರೆ 100010001. 333333666667ನ್ನು 33ರಿಂದ ಗುಣಿಸಿದರೆ 11000011000011. ಎಲ್ಲಕ್ಕಿಂತ ಚೆಂದದ್ದು 27994681 × 441. ಉತ್ತರ 12345654321, ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಸರ. ಇವುಗಳಿಗೆ ಅವರಿಟ್ಟ ಹೆಸರುಗಳೂ ಕಂಠಾಭರಣದವೇ.

ಕೊನೆಯದನ್ನು ಬಿಡಿಸಿ ನೋಡಬೇಕು. 12345654321 ಎಂಬುದು 111111ರ ವರ್ಗ. 111111ನ್ನು ಒಡೆದರೆ 3, 7, 11, 13, 37. ಈಗ ಲೆಕ್ಕದ ಎರಡು ಕಡೆಯನ್ನೂ ಗಮನಿಸಿ: 441 ಎಂದರೆ 21ರ ವರ್ಗ, ಅಂದರೆ 3 ಮತ್ತು 7 ಒಂದು ಕಡೆ ಹೋದವು. ಉಳಿದ 11, 13, 37 ಸೇರಿದರೆ 5291. ಅದರ ವರ್ಗವೇ 27994681. ನೋಡಲು ಗೊತ್ತುಗುರಿಯಿಲ್ಲದ ಎಂಟು ಅಂಕೆಗಳಂತೆ ಕಾಣುವ ಸಂಖ್ಯೆ ವಾಸ್ತವದಲ್ಲಿ ಅಚ್ಚುಕಟ್ಟಾದ ಪೂರ್ಣ ವರ್ಗ. 152207ರ ಕಥೆಯೂ ಇದೇ. 11111111 ಎಂದರೆ 11 × 73 × 101 × 137. ಅದರಿಂದ 73ನ್ನು ಕಿತ್ತರೆ ಉಳಿಯುವುದು 152207. ಹಾರವನ್ನು ಮೊದಲು ಕಟ್ಟಿ, ಆಮೇಲೆ ಒಂದು ಮಣಿಯನ್ನು ಬಿಡಿಸಿ ಕೈಗೆ ಕೊಟ್ಟಿದ್ದಾರೆ ಎಂದೇ ಅನಿಸುತ್ತದೆ. ಅಪವರ್ತನಗಳ ಬಲ ಗೊತ್ತಿಲ್ಲದವರಿಗೆ ಇಂಥ ಉದಾಹರಣೆಗಳ ಸಾಲು ಹೊಳೆಯುವುದು ಕಷ್ಟ.

ನಮ್ಮ ಶಾಲೆಗಳಲ್ಲಿ ದೊಡ್ಡ ಸಂಖ್ಯೆ ಎಂದರೆ ಅಲ್ಪವಿರಾಮ ಹಾಕಿ ಲಕ್ಷ, ಕೋಟಿ ಎಂದು ಓದುವ ಪಾಠವಾಗಿ ಉಳಿದಿದೆ. ಅದರ ಬದಲು ಐದನೇ ತರಗತಿಯ ಮಗುವಿಗೆ 12345679ನ್ನು 9ರಿಂದ ಗುಣಿಸಲು ಕೊಟ್ಟರೆ, ಒಂಬತ್ತು ಒಂದುಗಳು ಸಾಲಾಗಿ ನಿಂತದ್ದನ್ನು ಕಂಡು ಅದು ಯಾಕೆ ಎಂದು ಕೇಳದೆ ಬಿಡುವುದಿಲ್ಲ. ಈ ಲೆಕ್ಕವೂ ಮಹಾವೀರರದೇ. ಇಂಥ ಸಂಪತ್ತು ಕನ್ನಡದ ಪಠ್ಯಪುಸ್ತಕಗಳಲ್ಲಿ ಪ್ರಧಾನವಾಗಿ ಕಾಣಬೇಕು.

ಮಹಾಕ್ಷೋಭವನ್ನೂ ಮೀರಿದ ಸಂಖ್ಯೆಯೊಂದು ಬೆಂಗಳೂರಿನ ಹೆಣ್ಣುಮಗಳ ಬಾಯಿಂದ ಬಂದದ್ದು 1980ರ ಜೂನ್ 18ರಂದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಣಕ ವಿಭಾಗದವರು ಮನಬಂದಂತೆ ಆಯ್ದ ಎರಡು ಹದಿಮೂರು ಅಂಕೆಯ ಸಂಖ್ಯೆಗಳನ್ನು ಶಕುಂತಲಾ ದೇವಿಯವರ ಮುಂದಿಟ್ಟರು: 7,686,369,774,870 ಮತ್ತು 2,465,099,745,779. ಇಪ್ಪತ್ತೆಂಟು ಸೆಕೆಂಡಿನಲ್ಲಿ ಅವರು ಕೊಟ್ಟ ಉತ್ತರ 18,947,668,177,995,426,462,773,730. ಇಪ್ಪತ್ತಾರು ಅಂಕೆ, ಮಹಾವೀರರ ಕೊನೆಯ ಸ್ಥಾನದಿಂದ ಎಣಿಸಿದರೆ 189 ಮಹಾಕ್ಷೋಭಕ್ಕೂ ಮೇಲೆ. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 2013ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ, ಶಾಲೆಯ ಓದು ಹೆಚ್ಚು ದಕ್ಕದ, ಸರ್ಕಸ್ ಕಲಾವಿದನ ಮಗಳ ದಾಖಲೆ ಇದು.

ಈ ಉತ್ತರವನ್ನು ನಾವು ನಂಬುವುದು ಹೇಗೆ? ಇಡೀ ಗುಣಾಕಾರ ಮಾಡದೆಯೂ ತಾಳೆ ನೋಡಬಹುದು. ಒಂಬತ್ತರ ತಾಳೆ ಹಳೆಯದು. ಎರಡನೇ ಆರ್ಯಭಟನ ಮಹಾಸಿದ್ಧಾಂತದಲ್ಲಿ ಅದಿದೆ. ಮೊದಲ ಸಂಖ್ಯೆಯ ಅಂಕೆಗಳ ಮೊತ್ತ 78, ಅದನ್ನು ಮತ್ತೆ ಕೂಡುತ್ತ ಹೋದರೆ 6. ಎರಡನೆಯದರ ಮೊತ್ತ 74, ಕೊನೆಗೆ 2. ಗುಣಿಸಿದರೆ 12, ಅಂದರೆ 3. ಉತ್ತರದ ಅಂಕೆಗಳ ಮೊತ್ತ 138, ಕೊನೆಗೆ 3. ಸರಿಹೋಯಿತು. ಇನ್ನೂ ಬಿಗಿಯಾದ ಪರೀಕ್ಷೆಯೂ ಇದೆ. 7, 11, 13ನ್ನು ಗುಣಿಸಿದರೆ 1001. ಹಾಗಾಗಿ ಸಂಖ್ಯೆಯನ್ನು ಮೂರು ಮೂರು ಅಂಕೆಯ ಗುಂಪುಗಳಾಗಿ ಮುರಿದು, ಬಲದಿಂದ ಶುರುಮಾಡಿ ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋದರೆ 1001ರ ಲೆಕ್ಕದಲ್ಲಿ ಶೇಷ ಸಿಗುತ್ತದೆ. ಮೊದಲ ಸಂಖ್ಯೆಯಿಂದ 870 − 774 + 369 − 686 + 7, ಅಂದರೆ ಋಣ 214. ಎರಡನೆಯದರಿಂದ ಋಣ 330. ಋಣ ಋಣ ಸೇರಿ ಧನ: 214 × 330 = 70,620. ಅದನ್ನು 1001ರಿಂದ ಭಾಗಿಸಿದರೆ ಶೇಷ 550. ಈಗ ಆ ಇಪ್ಪತ್ತಾರು ಅಂಕೆಯ ಉತ್ತರದ ಗುಂಪುಗಳನ್ನು ಹಾಗೆಯೇ ಕೂಡಿ ಕಳೆಯಿರಿ. ಬರುವುದು 550. ಕಣ್ಣುಮುಚ್ಚಿ ಹೇಳಿದ ತಪ್ಪು ಉತ್ತರ ಈ ಎರಡೂ ತಾಳೆಗಳನ್ನು ದಾಟುವ ಸಾಧ್ಯತೆ 9,009ಕ್ಕೆ ಒಂದು.

ಈ ಪರೀಕ್ಷೆಯಲ್ಲೇ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. 330 ಎಂಬುದು 11ರ ಗುಣಕ. ಅಂದರೆ ಮನಬಂದಂತೆ ಆಯ್ದ ಆ ಎರಡನೇ ಸಂಖ್ಯೆ 11ರಿಂದ ಭಾಗ ಹೋಗುತ್ತದೆ. ಅದರ ಅಂಕೆಗಳನ್ನು ಒಂದು ಬಿಟ್ಟು ಒಂದು ಕೂಡಿದರೆ ಒಂದು ಸಾಲಿಗೆ 37, ಇನ್ನೊಂದು ಸಾಲಿಗೂ 37. ಉತ್ತರದಲ್ಲೂ ಹೀಗೆಯೇ 69 ಮತ್ತು 69. ಮೊದಲ ಸಂಖ್ಯೆ 30ರಿಂದ ಭಾಗ ಹೋಗುವುದರಿಂದ ಉತ್ತರವನ್ನು 330 ನಿಶ್ಶೇಷವಾಗಿ ಭಾಗಿಸುತ್ತದೆ. ಕೊನೆಯಲ್ಲಿ ಒಂದೇ ಸೊನ್ನೆ ಇರುವುದರಿಂದ ಅದು ಪೂರ್ಣ ವರ್ಗವಾಗಿರಲು ಸಾಧ್ಯವಿಲ್ಲ. ವರ್ಗಸಂಖ್ಯೆಯ ಕೊನೆಯ ಸೊನ್ನೆಗಳು ಜೋಡಿಯಾಗಿಯೇ ಇರಬೇಕು. ಇಷ್ಟೂ ಪೆನ್ಸಿಲ್ ಮತ್ತು ಕಾಗದದ ಕೆಲಸ.

ಇದಕ್ಕೂ ಮೂರು ವರ್ಷ ಮೊದಲು, 1977ರಲ್ಲಿ, ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಶಕುಂತಲಾ ದೇವಿಯವರು 201 ಅಂಕೆಯ ಸಂಖ್ಯೆಯೊಂದರ 23ನೇ ಮೂಲವನ್ನು ಐವತ್ತು ಸೆಕೆಂಡಿನಲ್ಲಿ ಹೇಳಿದ್ದರು. ಉತ್ತರ 54,63,72,891. ಪತ್ರಿಕೆಗಳು ಪವಾಡ ಎಂದು ಬರೆದವು. ಆದರೆ ಗಣಿತ ಇಲ್ಲಿ ಪವಾಡಕ್ಕಿಂತ ಹೆಚ್ಚು ರುಚಿಕರ. 23ನೇ ಘಾತಕ್ಕೆ ಏರಿಸಿದಾಗ 201 ಅಂಕೆ ಬರಬೇಕಾದರೆ ಮೂಲ ಸುಮಾರು 49.6 ಕೋಟಿ ಮತ್ತು 54.8 ಕೋಟಿಯ ನಡುವೆಯೇ ಇರಬೇಕು. ಆ ಸಂಖ್ಯೆ ಶುರುವಾಗುವುದು 9167ರಿಂದ, ಆದ್ದರಿಂದ ಮೂಲ ಮೇಲಿನ ತುದಿಯ ಹತ್ತಿರ. ಕೊನೆಯ ಎರಡು ಅಂಕೆ 71. 23ನೇ ಘಾತದಲ್ಲಿ 71 ಬರುವಂತೆ ಮಾಡುವ ಎರಡಂಕಿಯ ಕೊನೆ ಒಂದೇ ಒಂದು, 91. ಹೀಗೆ ಎರಡೂ ತುದಿಗಳು ರಚನೆಯಿಂದಲೇ ಸಿಗುತ್ತವೆ. ನಡುವಿನ ಅಂಕೆಗಳಿಗೆ ಲಾಗರಿದಮ್ಮಿನಂಥ ಅಂದಾಜು ಮತ್ತು ಶೇಷಗಳ ಜ್ಞಾನ ಬೇಕು, ಅದನ್ನೂ ಸೆಕೆಂಡುಗಳ ಲೆಕ್ಕದಲ್ಲಿ. ಆ ಸಾಮರ್ಥ್ಯ ಅವರದೇ. 1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದಾಗ ಸರಳ ಪ್ರತಿಕ್ರಿಯೆಗಳ ವೇಗದಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರ ಅಸಾಧಾರಣತೆ ಇದ್ದದ್ದು ಸಂಖ್ಯೆಗಳ ಜೊತೆಗಿನ ಸಲುಗೆಯಲ್ಲಿ.

ಉತ್ತರವನ್ನು ಇನ್ನೊಮ್ಮೆ ನೋಡಿ: 546372891. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕೆಗಳೂ ಒಂದೊಂದು ಸಲ ಬಂದಿವೆ. ಮೊತ್ತ 45, ಹಾಗಾಗಿ 9ರಿಂದ ಭಾಗ ಹೋಗಲೇಬೇಕು. ಭಾಗಿಸಿ ನೋಡಿದರೆ ಇನ್ನೊಂದು 3 ಕೂಡ ಒಳಗಿದೆ. 27 × 2,02,36,033. ಆದ್ದರಿಂದ 201 ಅಂಕೆಯ ಆ ದೈತ್ಯ ಸಂಖ್ಯೆ 3ರ 69ನೇ ಘಾತದಿಂದ ಭಾಗ ಹೋಗುತ್ತದೆ. ಅದರ ಒಂದೇ ಒಂದು ಅಂಕೆಯನ್ನೂ ಬರೆಯದೆ ಈ ಮಾತು ಹೇಳಬಹುದು.

ಇಲ್ಲಿಯವರೆಗೆ ಬಂದ ಸಂಖ್ಯೆಗಳೆಲ್ಲ ಮನಸ್ಸು ಬಿಚ್ಚಿದವು. ಬಿಚ್ಚದವುಗಳ ಕಥೆ ಬೇರೆ. 2ರ 67ನೇ ಘಾತದಿಂದ 1 ಕಳೆದರೆ ಬರುವ ಇಪ್ಪತ್ತೊಂದು ಅಂಕೆಯ ಸಂಖ್ಯೆ ಅವಿಭಾಜ್ಯ ಎಂದು ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಬರೆದಿದ್ದ. 1876ರಲ್ಲಿ ಲ್ಯುಕಾ ಅದು ಒಡೆಯುತ್ತದೆ ಎಂದು ಸಾಧಿಸಿದ, ಆದರೆ ಹೇಗೆ ಒಡೆಯುತ್ತದೆ ಎಂದು ಅವನಿಗೂ ತಿಳಿಯಲಿಲ್ಲ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಗಣಿತ ಸಭೆಯೊಂದರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಹಲಗೆಯ ಬಳಿ ಹೋಗಿ, ಬಾಯಿ ತೆರೆಯದೆ, ಒಂದು ಕಡೆ 147,573,952,589,676,412,927 ಎಂದು ಬರೆದರು. ಇನ್ನೊಂದು ಕಡೆ 193,707,721ನ್ನು 761,838,257,287ರಿಂದ ಕೈಯಾರೆ ಗುಣಿಸಿದರು. ಎರಡೂ ಒಂದೇ. ಸಭೆ ಚಪ್ಪಾಳೆ ತಟ್ಟಿತು. ಆ ಎರಡು ಸಂಖ್ಯೆಗಳನ್ನು ಹುಡುಕಲು ಮೂರು ವರ್ಷದ ಭಾನುವಾರಗಳು ಹಿಡಿದವು ಎಂದು ಕೋಲ್ ಆಮೇಲೆ ಹೇಳಿದರಂತೆ.

ಲ್ಯುಕಾನ ಮಾತು ಮೊದಲ ಸಲ ಕೇಳಿದವರಿಗೆ ವಿಚಿತ್ರ ಎನಿಸುತ್ತದೆ. ತುಂಡುಗಳು ಕಾಣದೆ ಒಡೆಯುತ್ತದೆ ಎಂದು ತಿಳಿಯುವುದು ಹೇಗೆ? ದಾರಿ ತೋರಿಸಿದವನು ಫರ್ಮಾ. 2ಕ್ಕಿಂತ ದೊಡ್ಡ ಅವಿಭಾಜ್ಯ ಸಂಖ್ಯೆ ಯಾವುದೇ ಇರಲಿ, ಅದಕ್ಕಿಂತ ಒಂದು ಕಡಿಮೆ ಎಣಿಕೆಯ 2ಗಳನ್ನು ಒಂದಕ್ಕೊಂದು ಗುಣಿಸಿ ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಬರದಿದ್ದರೆ ಸಂಖ್ಯೆ ಒಡೆಯುತ್ತದೆ ಎಂದರ್ಥ. ಆದರೆ ಬಂದರೆ ಅವಿಭಾಜ್ಯ ಎಂದು ಹೇಳುವಂತಿಲ್ಲ. 341ನ್ನು ತೆಗೆದುಕೊಳ್ಳಿ. 2ರ ಹತ್ತನೇ ಘಾತ 1024, ಅದು 341ರ ಮೂರರಷ್ಟಕ್ಕೆ ಒಂದು ಹೆಚ್ಚು. ಹಾಗಾಗಿ 340ನೇ ಘಾತದಲ್ಲೂ ಶೇಷ 1. ಪರೀಕ್ಷೆ ಪಾಸಾಯಿತು. ಆದರೂ 341 ಎಂದರೆ 11 × 31. ಇಂಥ ವೇಷಧಾರಿಗಳಿಗೆ ಮೋಸ ಹೋಗದ, ಯಾವ ಸಂಖ್ಯೆಗೂ ಅನ್ವಯಿಸುವ, ವೇಗವಾಗಿ ಮುಗಿಯುವುದು ಖಾತ್ರಿಯಿರುವ ಪರೀಕ್ಷೆ ಸಿಕ್ಕಿದ್ದು 2002ರ ಆಗಸ್ಟ್‌ನಲ್ಲಿ, ಕಾನ್ಪುರದ ಐಐಟಿಯಲ್ಲಿ. ಮಣೀಂದ್ರ ಅಗ್ರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕಟ್ಟಿದರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರ ಸೇರಿದರು.

ಆ ಪರೀಕ್ಷೆಯೂ ಸಂಖ್ಯೆ ಒಡೆಯುತ್ತದೋ ಇಲ್ಲವೋ ಎಂದಷ್ಟೇ ಹೇಳುತ್ತದೆ, ತುಂಡುಗಳನ್ನು ಕೈಗೆ ಕೊಡುವುದಿಲ್ಲ. ರಂಜಕ ರುಬ್ಬುವುದು ಗಳಿಗೆಯ ಕೆಲಸ, ರುಬ್ಬಿದ್ದರಿಂದ ಮೆಣಸಿನಕಾಯಿ ಬೆಳ್ಳುಳ್ಳಿ ಬೇರೆ ಮಾಡಿ ತೆಗೆಯುವುದು ಯಾರಿಂದಾದೀತು? ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದಕ್ಕೂ ಗುಣಲಬ್ಧದಿಂದ ಅವನ್ನು ಮರಳಿ ಪಡೆಯುವುದಕ್ಕೂ ಅಷ್ಟೇ ಅಂತರ. 1977ರಲ್ಲಿ ರಿವೆಸ್ಟ್, ಶಮೀರ್, ಅಡಲ್‌ಮನ್ ಈ ಅಂತರವನ್ನೇ ಬೀಗವಾಗಿ ಮಾಡಿದರು. ಆ ವರ್ಷ ಅವರು ಸವಾಲಾಗಿ ಪ್ರಕಟಿಸಿದ 129 ಅಂಕೆಯ ಸಂಖ್ಯೆ ಒಡೆದದ್ದು 1994ರಲ್ಲಿ, ಜಗತ್ತಿನ ಹಲವೆಡೆಯ ನೂರಾರು ಸ್ವಯಂಸೇವಕರ ಕಂಪ್ಯೂಟರ್‌ಗಳು ಕೈಜೋಡಿಸಿದ ಮೇಲೆ. 250 ಅಂಕೆಯದು ಒಡೆದದ್ದು 2020ರ ಫೆಬ್ರವರಿಯಲ್ಲಿ. ಇಂದು ಬ್ಯಾಂಕುಗಳ ಜಾಲತಾಣಗಳಲ್ಲಿ ಬಳಕೆಯಲ್ಲಿರುವ, ಆ ಮೂವರ ಹೆಸರಿನ ಆರ್‌ಎಸ್‌ಎ ಕೀಲಿಗಳು ಸಾಮಾನ್ಯವಾಗಿ 617 ಅಂಕೆಯವು. ಬ್ಯಾಡಗಿಯಲ್ಲಿ ಮಾಲು ಮಾರಿ ಊರಿಗೆ ಮರಳಿದ ರೈತ ಮೊಬೈಲಿನಲ್ಲಿ ಖಾತೆ ತೆರೆದು ನೋಡುವಾಗ ಅವನ ದುಡ್ಡಿನ ಕಾವಲಿಗೆ ಇಂಥ ಒಂದು ಸಂಖ್ಯೆ ನಿಂತಿರಬಹುದು. ಒಡೆಯುವುದು ಕಷ್ಟ ಎಂದು ಎಲ್ಲರೂ ನಂಬಿದ್ದಾರೆ. ಕಷ್ಟವೇ ಎಂದು ಗಣಿತದಲ್ಲಿ ಇನ್ನೂ ಯಾರೂ ಸಾಧಿಸಿಲ್ಲ. ಮೇಲಾಗಿ 1994ರಲ್ಲೇ ಪೀಟರ್ ಶೋರ್, ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಈ ಕೆಲಸ ಬೇಗ ಮುಗಿಯುತ್ತದೆ ಎಂದು ತೋರಿಸಿಬಿಟ್ಟಿದ್ದಾರೆ.

ಉದ್ದವೇ ಮುಖ್ಯವಲ್ಲ ಎಂಬುದಕ್ಕೆ ಇದೇ ಕ್ಷೇತ್ರದ ಇನ್ನೊಂದು ಸಾಕ್ಷಿ: 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಕಂಡುಹಿಡಿದ ಅವಿಭಾಜ್ಯಕ್ಕೆ 4,10,24,320 ಅಂಕೆಗಳು. 2ರ 13,62,79,841ನೇ ಘಾತದಿಂದ 1 ಕಳೆದರೆ ಸಿಗುವ ಸಂಖ್ಯೆ ಅದು. ನಾಲ್ಕು ಕೋಟಿ ಅಂಕೆಯದನ್ನು ಅವಿಭಾಜ್ಯ ಎಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಅದರ ರಚನೆ ಅಷ್ಟು ಸರಳವಾಗಿರುವುದರಿಂದ. ಲ್ಯುಕಾ ಹಾಕಿಕೊಟ್ಟ ಪರೀಕ್ಷೆ ಅಂಥ ಸಂಖ್ಯೆಗಳಿಗೆಂದೇ ಇದೆ.

ಯಾವ ಚೆಂದದ ರಚನೆಯೂ ಇಲ್ಲದ, ಬೀದಿಯಲ್ಲಿ ಸಿಕ್ಕಂಥ ದೊಡ್ಡ ಸಂಖ್ಯೆಯ ಬಗ್ಗೆ ಏನಾದರೂ ಹೇಳಬಹುದೇ? ಈ ಪ್ರಶ್ನೆಯನ್ನು ಆಳವಾಗಿ ಹಿಡಿದವರಲ್ಲಿ ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಒಬ್ಬರು. ರಾಮಾನುಜನ್ನರ ಬದುಕಿನಿಂದ ಪ್ರೇರಣೆ ಪಡೆದು ಗಣಿತಕ್ಕೆ ಬಂದವರು, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ದುಡಿದವರು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಅವರೊಡನೆ ಹಾರ್ಡಿ-ರಾಮಾನುಜನ್ ಜರ್ನಲ್ ಆರಂಭಿಸಿದರು. 2011ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಅವರ ಬಗ್ಗೆ ಬರೆದದ್ದು ತೀರ ಕಡಿಮೆ.

1969ರಲ್ಲಿ ಪ್ರಕಟವಾದ ಅವರ ಲೇಖನದ ವಿಷಯ ದೊಡ್ಡ ಅವಿಭಾಜ್ಯ ಅಪವರ್ತನವಿರುವ ಸಂಖ್ಯೆಗಳು. ಸಾಕಷ್ಟು ದೊಡ್ಡದಾದ ಯಾವುದೋ ಒಂದು ಸಂಖ್ಯೆಯಿಂದ ಶುರುಮಾಡಿ. ಅದರ ವರ್ಗಮೂಲದಷ್ಟು ಸಂಖ್ಯೆಗಳನ್ನು ಸಾಲಾಗಿ ತೆಗೆದುಕೊಳ್ಳಿ. ಒಂದು ಕೋಟಿಯಿಂದ ಹೊರಟರೆ ಇಂಥ ಸಾಲು ಸುಮಾರು 3,162 ಸಂಖ್ಯೆಗಳಷ್ಟು ಉದ್ದ. ಆರಂಭದ ಸಂಖ್ಯೆ ಸಾಕಷ್ಟು ದೊಡ್ಡದಾಗಿದ್ದರೆ, ಆ ಸಾಲಿನಲ್ಲಿ ಒಂದಾದರೂ ಸಂಖ್ಯೆಗೆ ವರ್ಗಮೂಲಕ್ಕಿಂತ ಸ್ಪಷ್ಟವಾಗಿ ದೊಡ್ಡದಾದ ಅವಿಭಾಜ್ಯ ಅಪವರ್ತನ ಇದ್ದೇ ಇರುತ್ತದೆ ಎಂದು ರಾಮಚಂದ್ರ ಸಾಧಿಸಿದರು, ಎಷ್ಟು ದೊಡ್ಡದು ಎಂಬುದಕ್ಕೆ ಘಾತಾಂಕವನ್ನೂ ಕೊಟ್ಟರು. ಯಾವ ಸಂಖ್ಯೆಯಿಂದ ಹೊರಟರೂ ಸರಿ, ಅದರ ಅಂಕೆಗಳು ಹೇಗಿದ್ದರೂ ಸರಿ. ಮುಂದಿನ ದಶಕಗಳಲ್ಲಿ ಗ್ರಹಾಂ, ಯುಟಿಲಾ ಮೊದಲಾದವರು ಆ ಘಾತಾಂಕವನ್ನು ಹಂತಹಂತವಾಗಿ ಮೇಲೇರಿಸಿದ್ದಾರೆ.

ಗಣಿತಜ್ಞರ ನಿರೀಕ್ಷೆ ಇದಕ್ಕಿಂತ ಬಹಳ ಮುಂದಿದೆ. ಪಕ್ಕಪಕ್ಕದ ಎರಡು ವರ್ಗಸಂಖ್ಯೆಗಳ ನಡುವೆ ಒಂದು ಅವಿಭಾಜ್ಯವಾದರೂ ಇದ್ದೇ ಇರುತ್ತದೆ ಎಂಬುದು ಲೆಜಾಂಡ್ರ್‌ನ ಊಹೆ. 100 ಮತ್ತು 101ರ ವರ್ಗಗಳ ನಡುವೆ 10,007 ಇರುವಂತೆ. 1912ರಲ್ಲಿ ಕೇಂಬ್ರಿಜ್‌ನ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಎಡ್ಮಂಡ್ ಲ್ಯಾಂಡೌ, ಅಂದಿನ ಗಣಿತಕ್ಕೆ ಎಟುಕದವೆಂದು ಎತ್ತಿ ಹೇಳಿದ ನಾಲ್ಕು ಪ್ರಶ್ನೆಗಳಲ್ಲಿ ಅದೂ ಒಂದು. ಇಂದಿನ ಗಣಿತಕ್ಕೂ ಅದು ಎಟುಕಿಲ್ಲ.